ಒಂದು ಬ್ಯಾರನ್, ಎರಡು ಹದ

ಹೆಸರು ಆರ್ಲೀನ್ ಪ್ರಾಥರ್, ಗಂಡನ ಹೆಸರು ಡೆನ್ಜಿಲ್ ಪ್ರಾಥರ್, ವಯಸ್ಸು 57, ಕಸುಬು ಹೊಗೆಸೊಪ್ಪಿನ ಬೇಸಾಯ ಮತ್ತು ಶಾಲಾ ಬಸ್ ಓಡಿಸುವುದು, ವಾಸ ಪೀಲರ್ ಹೊಳೆ ರಸ್ತೆ, ಕೆಂಟಕಿ. ಈ ದಿನ ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ:

ಕಳೆದ ಏಪ್ರಿಲ್ ತಿಂಗಳ ಬಿರುಗಾಳಿಗೆ ನನ್ನ ಮೈದುನ ವೆಂಡಲ್ ಪ್ರಾಥರ್‌ನ ಬ್ಯಾರನ್, ಅಂದರೆ ಸೊಪ್ಪು ನೇತುಹಾಕಿ ಒಣಗಿಸುವ ಕೊಟ್ಟಿಗೆ, ನೆಲಕಚ್ಚಿತು. ನನ್ನ ಗಂಡ ತಮ್ಮನಿಗೆ ನಮ್ಮ ಬ್ಯಾರನ್ನಿನಲ್ಲಿ ಅರ್ಧ ಬಿಟ್ಟುಕೊಟ್ಟರು. ಸಂತೋಷದಿಂದಲೇ ಕೊಟ್ಟರು. ನಮ್ಮ ಸೊಪ್ಪನ್ನು ಆಗಸ್ಟ್‌ನಲ್ಲಿ ಕಡಿದು ಪೂರ್ವದ ಕಡೆ ನೇತುಹಾಕಿದ್ದೆವು. ವೆಂಡಲ್‌ನದು ತಡವಾದ ನಾಟಿ. ಅದು ಅಕ್ಟೋಬರ್‌ನಲ್ಲಿ ಪಶ್ಚಿಮದ ಕಡೆ ಏರಿತು. ನಡುವೆ ಗೋಡೆ ಇಲ್ಲ.

ನವೆಂಬರ್ ಹೊತ್ತಿಗೆ ನಮ್ಮದು ಪೂರ್ತಿ ಒಣಗಿತ್ತು. ಗರಿಗರಿಯಾದ ಸೊಪ್ಪನ್ನು ಮುಟ್ಟಿದರೆ ಪುಡಿಯಾಗುತ್ತದೆ. ಮಂಜಿನ ತೇವ ಕುಡಿದು ಬಟ್ಟೆಯ ಹಾಗೆ ಮೆತ್ತಗಾಗಿ ಹದಕ್ಕೆ ಬಂದಾಗಲೇ ಇಳಿಸಬೇಕು, ಅದಕ್ಕೆ ಬಾಗಿಲುಗಳು ತೆರೆದಿರಬೇಕು. ವೆಂಡಲ್‌ನ ಸೊಪ್ಪಿನ ದಂಟಿನಲ್ಲಿ ಇನ್ನೂ ರಸವಿತ್ತು. ಮಂಜೂ ಸೇರಿದರೆ ಅದು ಬೂಸ್ಟು ಹಿಡಿದು ಕೊಳೆಯುತ್ತದೆ, ಅದಕ್ಕೆ ಮಂಜಿನ ಹೊತ್ತಿನಲ್ಲಿ ಬಾಗಿಲುಗಳು ಮುಚ್ಚಿರಬೇಕು. ಇಬ್ಬರೂ ಹೇಳುತ್ತಿದ್ದುದು ಸರಿಯೇ. ನನಗೆ ಸಾಕುಸಾಕಾಗಿರುವುದು ಅದಕ್ಕೇ.

ಎರಡು ವಾರ ಇವರು ತೆರೆಯುವುದು, ಅವನು ಮುಚ್ಚುವುದು ನಡೆಯಿತು. ವೆಂಡಲ್ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ, "ಅತ್ತಿಗೆ, ಅಣ್ಣನಿಗೆ ನೀವೇ ಹೇಳಿ. ಸೊಪ್ಪು ಕೊಳೆತ್ರೆ ಈ ವರ್ಷ ನನ್ ಕೈಗೆ ಚಿಪ್ಪೇ" ಎಂದನು. ಅದೇ ಮೇಜಿನ ಆಚೆ ಕೂತಿದ್ದ ನನ್ನ ಗಂಡ, "ಬ್ಯಾರನ್ ಅರ್ಧ ಕೊಟ್ಟಿದೀನಿ ಅಂತ ಹೇಳೇ ಅವನಿಗೆ. ಗಾಳಿನೂ ಕುಯ್ದು ಅರ್ಧ ಕೊಡಕ್ಕಾಗಲ್ಲ" ಎಂದರು. ಇಬ್ಬರೂ ಒಂದೇ ತಟ್ಟೆಯಿಂದ ಜೋಳದ ಬ್ರೆಡ್ಡು ತಿನ್ನುತ್ತಿದ್ದರು.

ನಿನ್ನೆ ಬೆಳಿಗ್ಗೆ ಒಳ್ಳೆಯ ಮಂಜಿತ್ತು. ಆರೂವರೆಗೆ ನಾವು ಹೋಗಿ ನೋಡಿದಾಗ ವೆಂಡಲ್ ಬಾಗಿಲುಗಳಿಗೆ ಮೊಳೆ ಹೊಡೆದಿದ್ದನು. ನನ್ನ ಗಂಡ ಹಾರೆಯಿಂದ ಒಂದು ಬಾಗಿಲಿನ ಮೊಳೆ ಕಿತ್ತು ತೆರೆದರು. ವೆಂಡಲ್ ಅಡ್ಡ ಬಂದನು. ಮೊದಲು ಕೈ ಎತ್ತಿದ್ದು ನನ್ನ ಗಂಡ. ಹೆಂಡತಿಯಾಗಿಯೂ ಇದನ್ನು ಹೇಳುತ್ತಿದ್ದೇನೆ. ಸೊಪ್ಪು ನೇತುಹಾಕುವ ಕೋಲಿನಿಂದ ತಮ್ಮನ ಬೆನ್ನಿಗೆ ಹೊಡೆದರು. ವೆಂಡಲ್ ನೂಕಿದ್ದಕ್ಕೆ ಇವರು ಬಿದ್ದು ಮೂಗಿನಲ್ಲಿ ರಕ್ತ ಬಂತು. ಅರವತ್ತು ದಾಟಿದ ಇಬ್ಬರು ಗಂಡಸರು ನೆಲದ ಮೇಲೆ ಹೊರಳಾಡುವುದನ್ನು ನೋಡಿ ನಾಚಿಕೆಯಾಯಿತು. ಬಿಡಿಸಲು ಕೈಲಾಗದೆ ನಾನೇ ಠಾಣೆಗೆ ಫೋನ್ ಮಾಡಿ ದೂರು ಕೊಟ್ಟೆ. ತಮ್ಮ ಸಿಬ್ಬಂದಿ ಇಬ್ಬರನ್ನೂ ಕರೆದೊಯ್ಯುವ ಹೊತ್ತಿಗೆ ಬಿಸಿಲು ಬಂದು ಸೊಪ್ಪು ಮತ್ತೆ ಗರಿಗರಿಯಾಗಿತ್ತು.

ಈ ದಿನ ಬೆಳಗಿನಿಂದ ಸೋನೆ ಹಿಡಿದಿದೆ. ನಮ್ಮ ಕಡೆಯ ಎಲೆಯನ್ನು ಮುಷ್ಟಿಯಲ್ಲಿ ಅದುಮಿ ನೋಡಿದೆ, ಮುರಿಯಲಿಲ್ಲ. ನಾಳೆಯಿಂದ ಒಣಗಾಳಿ ಎಂದು ರೇಡಿಯೋದಲ್ಲಿ ಹೇಳಿದ್ದಾರೆ. ನಮ್ಮದು ಇವತ್ತೇ ಇಳಿದುಬಿಟ್ಟರೆ ಬಾಗಿಲುಗಳನ್ನು ವೆಂಡಲ್ ತನಗೆ ಬೇಕಾದಂತೆ ಮುಚ್ಚಿಕೊಳ್ಳಬಹುದು, ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ. ಆದರೆ ನನ್ನ ಗಂಡನ ಮೊಣಕಾಲು ಸೊಪ್ಪು ತೂಗುವ ಎತ್ತರದ ತೊಲೆ ಹತ್ತಲು ಬಿಡುವುದಿಲ್ಲ. ಇಂಥ ದಿನ ಊರಿನವರೆಲ್ಲ ಅವರವರ ಬ್ಯಾರನ್ನಿನಲ್ಲಿರುತ್ತಾರೆ. ಮೇಲೆ ನಿಂತು ಇಳಿಸಿಕೊಡಲು ವೆಂಡಲ್ ಒಬ್ಬನೇ ಇರುವುದು.

ಈಗ ತಮ್ಮ ಲಾಕಪ್ಪಿನ ಮುಂದೆ ಹಾದು ಬರುವಾಗ ವೆಂಡಲ್, "ಅತ್ತಿಗೆ, ಹದ ಬಂತಾ?" ಎಂದು ಕೇಳಿದನು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕೋಣೆಯಿಂದ ನನ್ನ ಗಂಡ, "ಬಂದಿರುತ್ತೆ ಕಣೋ, ಮಳೆ ಕೇಳಿಸ್ತಿಲ್ವಾ?" ಎಂದರು. ಬೈಗುಳ ಬಿಟ್ಟರೆ ಎರಡು ವಾರದಲ್ಲಿ ತಮ್ಮನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ನನಗೆ ಅಳು ಬಂತು, ಸಿಟ್ಟೂ ಬಂತು.

ನಾನು ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲ. ಇಬ್ಬರನ್ನೂ ಕತ್ತಲಾಗುವವರೆಗೆ ನನ್ನ ಜೊತೆ ಕಳುಹಿಸಿಕೊಡಬೇಕು. ಸೊಪ್ಪು ಇಳಿದ ಮೇಲೆ ನಾನೇ ತಂದು ಬಿಡುತ್ತೇನೆ. ಆಮೇಲೆ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ, ನಾನೂ ಸ್ವಲ್ಪ ನಿದ್ದೆ ಮಾಡುತ್ತೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ಕಂಡದ್ದನ್ನಷ್ಟೇ ಹೇಳಿದ್ದೇನೆ, ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಬೇಗ ಸಹಿ ಹಾಕಿಸಿಕೊಳ್ಳಿ, ಮಳೆ ನಿಲ್ಲುವ ಹಾಗಿದೆ.

ಸ್ಥಳ: ಠಾಣೆ
ದಿನಾಂಕ: ನವೆಂಬರ್ 19
ಸಹಿ: ಆರ್ಲೀನ್ ಪ್ರಾಥರ್