ಅತ್ತಿಗೆಯ ಫೋಟೊಗೆ ಐದು ಸ್ಟಾರ್

ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ದುರ್ಗದ ಬಸ್ಸಿಗೆ ಕಾಯುತ್ತಿದ್ದ ಓಬಳೇಶನ ಕಿವಿಯೆಲ್ಲ ಪಕ್ಕದಲ್ಲಿ ಕೂತ ಗಂಡ-ಹೆಂಡತಿಯ ಮಾತಿನ ಮೇಲೇ ಇತ್ತು.

"ನಮ್ಮ ರೆಸಾರ್ಟ್ ಮೆಂಬರ್‌ಶಿಪ್ ಈ ವೆಬ್‌ಸೈಟ್‌ನೋರು ಕ್ಯಾನ್ಸಲ್ ಮಾಡಿಸಿಕೊಡ್ತಾರಂತೆ ಕಣೇ. ರಿವ್ಯೂ ನೋಡು, ಎಲ್ರೂ ಐದು ಸ್ಟಾರ್ ಕೊಟ್ಟವ್ರೆ."

"ತಡೀರಿ, ಈ ಫೋಟೊ ದೊಡ್ಡದು ಮಾಡ್ರಿ. ಹೆಸರು ರಜನಿ ಶರ್ಮ ಅಂತೈತೆ, ಮಖ ನಿಮ್ಮ ಅತ್ತಿಗೇದು!"

"ಅತ್ತಿಗೆ ಮೆಂಬರೇ ಅಲ್ವಲ್ಲೇ!"

"ಆ ಮುತ್ತಿನ ಸರ ನನ್ನ ಕಣ್ಣಾಗೇ ಕುಂತೈತೆ. ನಮ್ಮ ಗೃಹಪ್ರವೇಶದ ಫೋಟೊ ಇದು, ಫೇಸ್‌ಬುಕ್‌ನಾಗೆ ನಾನೇ ಹಾಕಿದ್ದು."

"ಹಂಗಾದ್ರೆ ಎಲ್ಲಾ ಬೋಗಸ್ ಬಿಡು. ಸದ್ಯ, ಬಚಾವಾದ್ವಿ."

ಧರ್ಮಪುರದ ಬಸ್ ಬಂತು. ಹೆಂಡತಿ ಮೊಬೈಲಿನಿಂದ ಕಣ್ಣು ಕೀಳಲಿಲ್ಲ.

"ಬಾರೇ, ಸೀಟು ಸಿಗಲ್ಲ."

"ಆ ಫೋಟೊದಾಗೆ ಅವಳ ಪಕ್ಕದಾಗೇ ನಾನೂ ನಿಂತಿದ್ದೆ ಕಣ್ರಿ," ಎನ್ನುತ್ತಲೇ ಆಕೆ ಬಸ್ ಹತ್ತಿದಳು. "ಆ ಕಳ್ಳರು ಅವಳನ್ನ ಇಟ್ಕಂಡು ನನ್ನ ಕತ್ತರಿಸಿ ಬಿಸಾಕವ್ರೆ!"