ಎಂಬತ್ತನಾಲ್ಕನೇ ಪುಟ

ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಅಂದೇ ಕೊನೆಯ ದಿನ. ಮೊಹರು ಹಿಡಿದು ಕೂತಿದ್ದ ಗುಮಾಸ್ತೆಯ ಕಿವಿಯೆಲ್ಲ ಕಿಟಕಿಯಾಚೆ ನಿಂತಿದ್ದ ತಂದೆ-ಮಗಳ ಕಡೆಗೇ ಇತ್ತು. ಮಗಳ ಪ್ರಬಂಧಕ್ಕೆ ರಟ್ಟು ಕಟ್ಟಿದವನು ಬೈಂಡಿಂಗ್ ಕಸುಬಿನ ಆ ತಂದೆಯೇ.

“ಅಪ್ಪಾ, ಎಂಬತ್ನಾಲ್ಕನೇ ಪುಟ ಎಲ್ಲಿ?”

“ಅದರ ತುಂಬಾ ಮಸಿ ಚುಕ್ಕೆ ಬಿದ್ದಿತ್ತು ಕಣಮ್ಮ. ಕೆಟ್ಟ ಹಾಳೆ ಅಂತ ತೆಗೆದುಬಿಟ್ಟೆ.”

“ಅಯ್ಯೋ, ಮಸಿ ಅಲ್ಲಪ್ಪ ಅದು, ಆಗ ತಾನೇ ಹುಟ್ಟಿದ ನಕ್ಷತ್ರಗಳು! ಫೋಟೋ ನೆಗೆಟಿವ್‌ನಲ್ಲಿ ಕಪ್ಪಗೆ ಕಾಣ್ತವೆ.”

“ಸುತ್ತ ಹೊಗೆ ಥರ ಇತ್ತಲ್ಲ?”

“ಅದು ಆಕಾಶದಲ್ಲಿರೋ ಅನಿಲದ ಮೋಡ. ಒಳಗೆ ಸುಳಿ ಎದ್ದು ಕಲಕ್ತಾನೇ ಇರುತ್ತೆ. ಕಲಕೋದು ತಗ್ಗಿದ ಕಡೆ ತನ್ನ ಭಾರಕ್ಕೆ ತಾನೇ ಕುಸಿದು ಗಂಟು ಕಟ್ಟುತ್ತೆ. ಆ ಗಂಟೇ ನಕ್ಷತ್ರ ಆಗೋದು.”

“ಥೇಟ್ ನನ್ನ ಮೈದಾ ಅಂಟು! ಕೈ ನಿಲ್ಸಿದ್ರೆ ಗಂಟು. ಆದ್ರೆ ನಾನು ಗಂಟನ್ನ ಆರಿಸಿ ಬಿಸಾಕ್ತೀನಿ.”

“ನಾನು ಅದನ್ನೇ ಹುಡುಕ್ಕೊಂಡು ಆರು ವರ್ಷ ಕಳೆದೆ. ಹಾಳೆನೂ ಬಿಸಾಕಿದ್ರಾ?”

“ಛೆ, ಹಾಳೆ ಬಿಸಾಕೋ ಕೈಯಲ್ಲ ಇದು. ಚೀಲದಲ್ಲಿದೆ. ಅಂಟಿನ ಡಬ್ಬಿನೂ ಇದೆ, ಹಿಡ್ಕೋ.”

ಕಿಟಕಿಯ ಕಟ್ಟೆಯ ಮೇಲೆಯೇ ಪುಟ ತನ್ನ ಜಾಗ ಸೇರಿತು.

“ಅಪ್ಪಾ, ಅಂಚಲ್ಲಿ ಒಂದು ಗಂಟು ಉಳೀತು.”

“ಇರ್ಲಿ ಬಿಡು. ಅದೂ ಒಂದು ಹುಟ್ಟಿತು ಅಂತ ಬರ್ಕೋ.”

ಮೊಹರು ಬಿದ್ದದ್ದೇ ಇಬ್ಬರೂ ನಗುತ್ತ ಮೆಟ್ಟಿಲಿಳಿದರು. ಗುಮಾಸ್ತೆ ಮೆಲ್ಲಗೆ ಎಂಬತ್ತನಾಲ್ಕನೇ ಪುಟ ತೆರೆದು ಮುಟ್ಟಿ ನೋಡಿದಳು. ಗಂಟು ಇನ್ನೂ ಹಸಿಯಾಗಿತ್ತು. ಆ ದಿನ ಅದರ ಮೇಲೆ ಬೇರೆ ಪ್ರಬಂಧ ಹೇರಲು ಅವಳಿಗೆ ಮನಸ್ಸಾಗಲಿಲ್ಲ.