ಮಾತಾಡಬಹುದಾದ ದಿನ

...ಅಯ್ಯೋ, ಈಗ್ಲೇ ಯಾಕೆ ಕೂತೆ ಕಂಪ್ಯೂಟರ್ ಮುಂದೆ? ತಿಂಡಿನೂ ಆಗಿಲ್ಲ. ಏಳು, ಏಳು ಮಾರಾಯ್ತಿ! ಹೂಂ, ಗೊತ್ತು. ಗಂಟಲಿನ ಆಪರೇಷನ್ ಆದ್ಮೇಲೆ ಇವತ್ತಿನವರೆಗೆ ಬಾಯಿಗೆ ಬೀಗ ಅಂತ ಡಾಕ್ಟರು ಅಂದ್ರು. ನಾನೇ ಬಂದು ಹೇಳಿದ್ದೆ, ಇಲ್ಲ ಅನ್ನಲ್ಲ. ಹಾಗಂತ ಬೆಳಗಾಗ್ತಿದ್ದ ಹಾಗೇ ಕ್ಲಾಸಾ? ಏನು ಬರೀತಿದ್ದೀಯ ಸ್ಲೇಟಲ್ಲಿ... 'ಮೊದಲ ಮಾತು ಮಕ್ಕಳಿಗೆ'. ಆಹಾ! ಇಷ್ಟು ವರ್ಷ ಜೊತೆಗಿದ್ದ ಗಂಡನಿಗೆ ಒಂದು 'ಏನ್ರೀ' ಕೂಡ ಇಲ್ಲ! ಇರ್ಲಿ ಬಿಡು, ನನಗೆ ಬೈಯೋದೂ ನಾಳೆಗೇ ಇರ್ಲಿ. ಪಾಠಾನೂ ನಾಳೆಗೇ ಇರ್ಲಿ.

ಯಾಕೆ ನಗ್ತೀಯ? ಇಷ್ಟು ದಿನ ನಡೀಲಿಲ್ವಾ? ಆ ಆನ್‌ಲೈನ್ ಪೋರ್ಟಲ್ಲಲ್ಲಿ ನಿನ್ನ ಇಂಜಿನಿಯರಿಂಗ್ ಮಕ್ಕಳು ಪ್ರಶ್ನೆ ಹಾಕೋದು, ನೀನು ಸ್ಲೇಟಲ್ಲಿ ಉತ್ತರ ಬರೆಯೋದು, ನಾನು ಟೈಪ್ ಮಾಡೋದು. ಬಟ್ಟೆ ಅಂಗಡಿಯವನು ನಾನು! ಸೇತುವೆ ಅಂದ್ರೆ ದಾಟೋಕೆ ಇರೋದು ಅಂತ ಮಾತ್ರ ಗೊತ್ತಿತ್ತು. ಈಗ ತೊಲೆ ಎಲ್ಲಿ ಬಾಗುತ್ತೆ, ಎಲ್ಲಿ ಬಿರುಕು ಬಿಡುತ್ತೆ ಅಂತ ನಿದ್ದೆಗಣ್ಣಲ್ಲೂ ಹೇಳ್ತೀನಿ. ಮಕ್ಕಳಷ್ಟೇ ಅಲ್ಲ, ಮೇಷ್ಟ್ರುಗಳೂ ಓದ್ತಾರೆ ಕಣೇ. ಆ ಹೊಸ ಲೆಕ್ಚರರ್ ಬರ್ದಿದ್ನಲ್ಲ, 'ಮೇಡಂ, ನಿಮ್ಮ ಉತ್ತರ ನೋಡ್ಕೊಂಡೇ ಕ್ಲಾಸಿಗೆ ಹೋಗ್ತೀನಿ' ಅಂತ! ಬರೆಯೋದ್ರಲ್ಲೇ ಇಷ್ಟು ಕೆಲಸ ಆಗುತ್ತೆ ಅಂದ್ಮೇಲೆ ಗಂಟಲು ಹರ್ಕೊಳ್ಳೋದು ಯಾಕೆ, ಅಲ್ವಾ?

ಏನು... ಏನು ನೋಡ್ತಿದ್ದೀಯ ಅಲ್ಲಿ? ಪೋರ್ಟಲ್ಲಲ್ಲಿರೋ ಆ ನೋಟಿಸಾ? ಅದು... ನಾನೇ ಹಾಕಿದ್ದು. 'ಮೇಡಂ ಇನ್ನು ಮುಂದೆ ಬರಹದಲ್ಲೇ ಪಾಠ ಮಾಡುತ್ತಾರೆ.' ಸುಮ್ನೆ ಕಣೇ, ನಿನಗೆ ಹೊರೆ ಕಮ್ಮಿ ಆಗ್ಲಿ ಅಂತ. ಹಾಗೆ ದುರುಗುಟ್ಟಿ ನೋಡ್ಬೇಡ! ನಿನ್ನನ್ನ ಕೇಳ್ಬೇಕಿತ್ತು, ಒಪ್ಪಿದೆ. ಅಳಿಸ್ತೀನಿ. ನಾಳೆ ಅಳಿಸ್ತೀನಿ...

ಸ್ಲೇಟ್ ಯಾಕೆ ನನ್ನ ಮೂಗಿಗೇ ಹಿಡೀತೀಯ? 'ಡಾಕ್ಟರು ಏನಂದ್ರು?' ಏನೂ ಅನ್ಲಿಲ್ಲ! ಔಷಧಿ ಹೇಗೆ ಕೊಡ್ಬೇಕು ಅಂತ ಹೇಳೋಕೆ ನನ್ನೊಬ್ಬನ್ನೇ ಒಳಗೆ ಕರೆದ್ರು, ಅಷ್ಟೇ. ಹೊರಗೆ ಬಂದಾಗ ನನ್ನ ಕಣ್ಣು ಕೆಂಪಗಿತ್ತಾ? ಫಿನಾಯಿಲ್ ವಾಸನೆ ಮಾರಾಯ್ತಿ, ಆಸ್ಪತ್ರೆ ಅಂದ್ಮೇಲೆ...

ಬೇಡ, ಬೇಡ, ಆ ಲೈವ್ ಕ್ಲಾಸಿನ ಬಟನ್ ಒತ್ಬೇಡ! ತಡಿ, ಕಿಟಕಿ ಹಾಕ್ತೀನಿ, ಎದುರುಗಡೆ ಮನೆ ಕಟ್ಟೋರ ಗಲಾಟೆ... ಒತ್ತೇಬಿಟ್ಯಾ.

ನೋಡು, ಎಲ್ಲರೂ ಬಂದೇಬಿಟ್ರು. ಕೈ ಬೀಸ್ತಿದ್ದಾರೆ... ಆ ಕನ್ನಡಕದ ಹುಡುಗಿ ಅಳ್ತಿದ್ದಾಳೆ ಕಣೇ, ಖುಷಿಗೆ. ಸರಿ... ಸರಿ. ನಾನು ಸುಮ್ನಿರ್ತೀನಿ.

...

ನೀರು ಕುಡಿ. ಒಂದು ಗುಟುಕು. ಇಲ್ಲ... ಮತ್ತೆ ಮಾತಾಡೋಕೆ ಹೋಗ್ಬೇಡ, ಸಾಕು, ಕತ್ತಿನ ನರ ಎಲ್ಲ ಉಬ್ಬುತ್ತಿದೆ...

'ಮೇಡಂ, ಕೇಳಿಸ್ತಿಲ್ಲ' ಅಂತ ಬರೀತಿದ್ದಾರೆ. ಓದ್ಬೇಡ ಅದನ್ನ.

ತಟ್ಬೇಡ್ವೇ... ಮೈಕ್ ತಟ್ಬೇಡ. ಬಿಡು. ಈ ಕಡೆ ನೋಡು, ನನ್ನ ನೋಡು...

ಮೈಕ್ ಸರಿಯಾಗೇ ಇದೆ ಕಣೇ.